ಮುಟ್ಟದೆ ಆರಿಸಿದ ಹನ್ನೊಂದು ಹೂಡಿಗಳು

ಗಾರ್ಮೆಂಟ್ಸ್ ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನ ಮುಂದೆ ಅವಳು ಇಪ್ಪತ್ತಮೂರು ವರ್ಷ ನಿಂತಿದ್ದಳು. ಕೈಗೆ ಬಂದ ಬಟ್ಟೆಯನ್ನು ಮೊದಲು ಒಳಮಗ್ಗುಲು ತಿರುವಿಯೇ ನೋಡುತ್ತಿದ್ದುದರಿಂದ ಜೊತೆಯವರು ತಿರುವಕ್ಕ ಎಂದು ಕರೆದರು. ಆ ಹೆಸರು ಮನೆಯವರೆಗೂ ಬಂತು. ಮೊಣಕಾಲು ಮಾತು ಕೇಳದಾದಾಗ ಕೆಲಸ ಬಿಟ್ಟಳು.

ಅವಳ ತಂಗಿಗೆ ಹಸಿ ಬಟಾಣಿ ಪೊಟ್ಟಣ ಕಟ್ಟುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಅಲ್ಲಿ ಕೊಡುವ ಕೋಟಿನ ಒಳಗೆ ಬೆಚ್ಚನೆಯದೊಂದು ಬೇಕೇ ಬೇಕು. ಹಿಂದಿನ ವರ್ಷ ಆನ್‌ಲೈನಿನಲ್ಲಿ ಚಿತ್ರಕ್ಕೆ ಮರುಳಾಗಿ ತಂಗಿ ಸ್ವೆಟರ್ ತರಿಸಿದ್ದಳು. ಎರಡನೇ ಒಗೆತಕ್ಕೇ ಮೈತುಂಬ ನೂಲಿನ ಉಂಡೆಗಳೆದ್ದು, ತೋಳು ಮೇಲೇರಿತು. ಆಮೇಲೆ ತಿಂಗಳುಗಟ್ಟಲೆ ಕೆಮ್ಮಿದಳು. ಈ ಸಲ ಅವಳೂ ಜೊತೆಯ ಹತ್ತು ಹೆಂಗಸರೂ ಸೇರಿ, ಎಲ್ಲರಿಗೂ ಟೋಪಿಯಿರುವ ದಪ್ಪ ಅಂಗಿ, ಹೂಡಿ, ಆರಿಸುವ ಹೊಣೆಯನ್ನು ತಿರುವಕ್ಕನ ತಲೆಗೆ ಕಟ್ಟಿದರು.

"ಮುಟ್ಟದೆ ಹೇಗೆ ಹೇಳ್ಲೇ? ನನ್ನ ಬುದ್ಧಿಯೆಲ್ಲ ಬೆರಳಲ್ಲಿದೆ."

"ಫೋನ್ ಒತ್ತೋದೂ ಬೆರಳಲ್ಲೇ ಅಲ್ವಾ ಅಕ್ಕ" ಎಂದಳು ತಂಗಿ.

ಗಡಿಯಾರ ರಿಪೇರಿ ಮಾಡುವ ತಿರುವಕ್ಕನ ಗಂಡ ತನ್ನ ಭೂತಗನ್ನಡಿಯನ್ನೇ ತಂದುಕೊಟ್ಟ. ಅದನ್ನು ಫೋನಿನ ಮೇಲಿಟ್ಟರೆ ಕೆಂಪು ಹಸಿರು ಚುಕ್ಕಿ ಬಿಟ್ಟು ಬೇರೇನೂ ಕಾಣಲಿಲ್ಲ. ಇಬ್ಬರೂ ನಕ್ಕರು. ಆಮೇಲೆ ಅವಳು ತನ್ನದೇ ದಾರಿ ಹಿಡಿದಳು. ನಗುವ ಹುಡುಗಿಯರ ಚಿತ್ರಗಳನ್ನು ಸರಿಸಿ, ಕೊಂಡವರು ಹಾಕಿದ ಚಿತ್ರಗಳನ್ನಷ್ಟೇ ನೋಡಿದಳು. ಬಂದ ದಿನವೇ ಹೊಗಳಿದವರನ್ನು ಬಿಟ್ಟು, ನಾಲ್ಕು ಸಲ ಒಗೆದ ಮೇಲೆ ಬೈದವರನ್ನು ಓದಿದಳು. ಬಟ್ಟೆಯಲ್ಲಿ ಹತ್ತಿ ಎಷ್ಟು, ತೂಕ ಎಷ್ಟು ಎಂದು ಬರೆಯದೆ ಬರೀ 'ಪ್ರೀಮಿಯಂ' ಎಂದವರನ್ನು ಅಲ್ಲಿಗೇ ಕೈಬಿಟ್ಟಳು. ಅಳತೆಗೆ ತಂಗಿಯ ಹಳೆಯ ಅಂಗಿಯನ್ನು ಮಂಚದ ಮೇಲೆ ಹರಡಿ ಟೇಪು ಹಿಡಿದಳು. ಕೊನೆಗೆ ಮೂರು ಅಂಗಡಿಯವರಿಗೆ ಒಂದೇ ಪ್ರಶ್ನೆ ಕಳಿಸಿದಳು: ಹೂಡಿಯ ಒಳಮಗ್ಗುಲು ತಿರುವಿ ಒಂದು ಫೋಟೊ ಕಳಿಸುತ್ತೀರಾ?

ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು ಅದೇ ನಗುವ ಹುಡುಗಿಯನ್ನು ಮತ್ತೆ ಕಳಿಸಿದರು. ಮೂರನೆಯವರು ನಿಜಕ್ಕೂ ತಿರುವಿ ಕಳಿಸಿದರು. ಭುಜದ ಹೊಲಿಗೆ ಜಗ್ಗದಂತೆ ಪಟ್ಟಿ ಕೊಟ್ಟಿತ್ತು, ಎಲ್ಲೂ ನೂಲು ಜೋತಿರಲಿಲ್ಲ. ಆದರೂ ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಮೊದಲು ಒಂದನ್ನೇ ತಂಗಿಯ ಮನೆಗೆ ತರಿಸಿದಳು. ತಂಗಿ ಮೂರು ಸಲ ಒಗೆದು ಒಣಗಿಸಿ ತಂದಾಗಲೂ ಅದು ಜಗ್ಗಿರಲಿಲ್ಲ, ಬಣ್ಣ ಬಿಟ್ಟಿರಲಿಲ್ಲ. ಆಗ ಉಳಿದ ಹತ್ತಕ್ಕೆ ಹೇಳಿದಳು.

ಪಾರ್ಸೆಲ್ ಬಂದ ಬೆಳಿಗ್ಗೆ ಮೊದಲನೆಯ ಹೂಡಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಉಜ್ಜಿದಳು. ತೆಳು. ಒರಟು. ಎರಡನೆಯದೂ ಹಾಗೆಯೇ. ಸ್ಯಾಂಪಲ್ ಒಂದು, ಸರಕು ಇನ್ನೊಂದು. ಕಾರ್ಖಾನೆಯಲ್ಲಿ ಈ ಮೋಸವನ್ನು ಅವಳೇ ಎಷ್ಟೋ ಸಲ ಹಿಡಿದಿದ್ದಳು. ಹತ್ತು ಹೆಂಗಸರಿಗೆ ಯಾವ ಮುಖ ತೋರಿಸುವುದು? ಮೂರು ಸಲ ಒಗೆದಿದ್ದ ಸ್ಯಾಂಪಲನ್ನು ತಂದು ಹೊಸದರ ಪಕ್ಕದಲ್ಲಿಟ್ಟಳು.

ಗಂಡ ಎರಡನ್ನೂ ಮುಟ್ಟಿ ನೋಡಿ, "ಇದು ನೀರು ಕಂಡಿದೆ, ಅದು ಕಂಡಿಲ್ಲ. ತೂಗಿ ನೋಡು" ಎಂದ.

ಅಡುಗೆಮನೆಯ ತಕ್ಕಡಿಯಲ್ಲಿ ಒಂದೇ ಸೈಜಿನ ಎರಡನ್ನು ತೂಗಿದಳು. ಹಳೆಯದೂ ಹೊಸದೂ ಹೆಚ್ಚುಕಡಿಮೆ ಒಂದೇ ತೂಕ. ನಂಬಿಕೆ ಸಾಲದೆ ಹೊಸದೊಂದನ್ನು ನೆನೆಸಿ, ಹಿಂಡಿ, ಬಿಸಿಲಿಗೆ ಹಾಕಿ, ಗಂಟೆಗೊಮ್ಮೆ ಹೋಗಿ ಮುಟ್ಟಿದಳು. ಸಂಜೆಗೆ ಗಂಜಿ ಬಿಟ್ಟ ಬಟ್ಟೆ ಮೆತ್ತಗಾಗಿ, ಒಳಗಿನ ನೂಲಿನ ಜುಂಗು ಎದ್ದು, ಬೆರಳಿಗೆ ದಪ್ಪವಾಗಿ ಸಿಕ್ಕಿತು. ಹೋದ ಜೀವ ಬಂದಂತಾಯಿತು. ಇಷ್ಟು ವರ್ಷ ಹೊಸ ಬಟ್ಟೆಯನ್ನಷ್ಟೇ ಮುಟ್ಟಿದ್ದೆ, ಒಗೆದ ಮೇಲೆ ಅದು ಏನಾಗುತ್ತದೆಂದು ಟೇಬಲ್ಲಿನ ಹತ್ತಿರ ಯಾರು ತೋರಿಸುತ್ತಿದ್ದರು ಎಂದು ಗಂಡನಿಗೆ ಹೇಳಿದಳು.

ಭಾನುವಾರ ಹೆಂಗಸರೆಲ್ಲ ಬಂದು ತೊಟ್ಟು ನೋಡಿದರು. ಅವರಲ್ಲೊಬ್ಬಳಾದ, ಎಲ್ಲದಕ್ಕೂ ಕೊಂಕು ತೆಗೆಯುವ ಮೇಲ್ವಿಚಾರಕಿ ಟೋಪಿ ಎಳೆದುಕೊಂಡು ಜೇಬಿಗೆ ಕೈ ತೂರಿಸಿದಳು.

"ಅಕ್ಕ, ನಮ್ಮ ಮನೆಯವರಿಗೂ ಒಂದು ನೋಡಿಕೊಡ್ತೀರಾ?"

"ಅವರ ಹಳೇ ಅಂಗಿ ತಗೊಂಡು ಬಾ" ಎಂದಳು ತಿರುವಕ್ಕ.

ಅವರು ಹೋದ ಮೇಲೆ ಹಾಸಿಗೆಗೆ ಒರಗಿದವಳಿಗೆ ವಾರದಿಂದ ಬಾರದಿದ್ದ ನಿದ್ದೆ ಮಟಮಟ ಮಧ್ಯಾಹ್ನವೇ ಬಂತು. ಗಂಡ ಬಾಗಿಲು ಮುಂದೆ ಮಾಡಿ ಅನ್ನಕ್ಕೆ ತಾನೇ ನೀರಿಟ್ಟ.