ಅಯಸ್ಕಾಂತಕ್ಕೆ ಬಾರದ ಚೂರು

ಭೀಮನ ಅಮಾವಾಸ್ಯೆ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಗಂಡನ ಆಯಸ್ಸು ಗಟ್ಟಿಯಾಗಲೆಂದು ಹೆಂಡತಿ ಉಪವಾಸವಿದ್ದು, ಅವನ ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ನಮಸ್ಕಾರ ಮಾಡಬೇಕು. ಅವನು ಮಾತ್ರ ಕುರ್ಚಿಯಲ್ಲಿ ಮಹಾರಾಜನ ಹಾಗೆ ಕೂತು ಕಾಲು ಚಾಚಿದರೆ ಮುಗಿಯಿತು. ಗೊಣಗುತ್ತಲೇ ಮಾಡುತ್ತಿದ್ದೆ. ಹಾಗಂತ ಒಂದು ವರ್ಷವೂ ಬಿಟ್ಟವಳಲ್ಲ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ನಾವು ಬಾಗಲಗುಂಟೆಯಲ್ಲಿ ಬಾಡಿಗೆಗಿದ್ದೆವು. ನಮ್ಮವರು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್, ದಿನವಿಡೀ ನಿಂತೇ ಮಾಡುವ ಕೆಲಸ. ನಾನು ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಅವರು ಮನೆಗೆ ಬರುವಾಗ ಕತ್ತಲೆ, ಹೋಗುವಾಗ ಅವಸರ. ಗಂಡನ ಪಾದ ನೋಡುತ್ತಾ ಕೂರಲು ನನಗೇನು ಬೇರೆ ಕೆಲಸವಿರಲಿಲ್ಲವೆ? ವರ್ಷಕ್ಕೊಮ್ಮೆ ಆ ಅಮಾವಾಸ್ಯೆಯ ದಿನವೇ ಪಾದದ ದರ್ಶನ.

ಆ ವರ್ಷ ಬಲಗಾಲನ್ನು ತಟ್ಟೆಯಲ್ಲಿಟ್ಟು ತೊಳೆಯುವಾಗ ಅಂಗಾಲಿಗೆ ಕೈಕೊಟ್ಟು ಎತ್ತಿದೆ. ಹಿಮ್ಮಡಿಯ ಒಳಬದಿಯಲ್ಲಿ ಒಂದು ಕಪ್ಪು ಕಲೆ. ಹಿಂದಿನ ವರ್ಷವೂ ಅಲ್ಲೇ ಇತ್ತು; ಆಗ ಎಳ್ಳುಕಾಳಿನಷ್ಟು, ಮೆಷಿನ್ನಿನ ಎಣ್ಣೆ ಕೊಳೆ ಎಂದು ಉಜ್ಜಿದ್ದೆ. ಈಗ ಅವರೆಕಾಳಿನಷ್ಟಾಗಿತ್ತು. ಅಂಚು ಶಾಯಿ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ. ಒಂದು ಕಡೆ ಕಡುಕಪ್ಪು, ಇನ್ನೊಂದು ಕಡೆ ಕಂದು.

"ರೀ, ಇದೇನ್ರೀ?"

"ಕಬ್ಬಿಣದ ಚೂರು ಕಣೇ. ಒಳಗೇ ಕೂತ್ಬಿಟ್ಟಿದೆ. ಪೂಜೆ ಮುಗ್ಸು, ಹೊಟ್ಟೆ ಹಸೀತಿದೆ."

ಲೇತಿನಲ್ಲಿ ಕಬ್ಬಿಣ ಕಡೆಯುವಾಗ ಚೂರುಗಳು ಹಾರುತ್ತವೆ. ಕೈಗೆ, ಕಾಲಿಗೆ, ಎಲ್ಲೆಂದರಲ್ಲಿ ನಾಟಿಕೊಳ್ಳುತ್ತವೆ. ಕೆಲವು ಚರ್ಮದೊಳಗೇ ಉಳಿದು ಕಪ್ಪಗೆ ಕಾಣುತ್ತವೆ. ವರ್ಕ್‌ಶಾಪಿನವರಿಗೆ ಅದೊಂದು ಸುದ್ದಿಯೇ ಅಲ್ಲ. ಪಿನ್ನಿನಲ್ಲಿ ಕೆದಕುತ್ತಾರೆ, ಅಯಸ್ಕಾಂತ ಹಿಡಿದು ಎಳೆಯುತ್ತಾರೆ, ಮತ್ತೆ ಮೆಷಿನ್ನಿನ ಮುಂದೆ ನಿಲ್ಲುತ್ತಾರೆ. ನಮ್ಮ ಮಹಾರಾಯರೂ ಊಟದ ಬಿಡುವಿನಲ್ಲಿ ಹಿಮ್ಮಡಿಗೆ ಅಯಸ್ಕಾಂತ ಹಿಡಿದು ಕೂರುತ್ತಿದ್ದರಂತೆ. ಚೂರು ಬರಲಿಲ್ಲವೆಂದು ಜೊತೆಯವರು ಇನ್ನೂ ದೊಡ್ಡ ಅಯಸ್ಕಾಂತ ತಂದುಕೊಟ್ಟಿದ್ದರಂತೆ. ಎಂಥಾ ಬುದ್ಧಿವಂತರ ಗುಂಪು!

ನನಗೆ ಪಿತ್ತ ನೆತ್ತಿಗೇರಿತು. "ಕಬ್ಬಿಣ ಎಲ್ಲಾದ್ರೂ ಬೆಳಿಯತ್ತೇನ್ರೀ? ಹೋದ್ ವರ್ಷ ಇಷ್ಟೇ ಇಷ್ಟಿತ್ತು. ಕಾಲಲ್ಲೇನು ಬೀಜ ಬಿತ್ತಿದ್ರಾ?"

"ನೋವಿಲ್ಲ, ಏನಿಲ್ಲ. ಸುಮ್ನಿರೇ."

ಅಷ್ಟರಲ್ಲಿ ಪ್ರಸಾದಕ್ಕೆಂದು ಮನೆ ಓನರಮ್ಮ ಬಂದರು. ಅದೇ ಊರಿನ ಹಳೇ ರೈತರ ಮನೆಯವರು, ಯಾವ ವಿಷಯಕ್ಕೂ ಒಂದು ತೀರ್ಪು ಕೊಡದೆ ಹೋದವರಲ್ಲ. ಬಗ್ಗಿ ನೋಡಿ, "ಅಯ್ಯೋ, ಅದೃಷ್ಟದ ಮಚ್ಚೆ ಕಣವ್ವ ಅದು! ಅಂಗಾಲಲ್ಲಿ ಮಚ್ಚೆ ಇದ್ರೆ ದೇಶ ಸುತ್ತೋ ಯೋಗ. ಅದಕ್ಯಾಕೆ ಇಂಗೆ ಕೂಗಾಡ್ತೀಯ?" ಎಂದರು. ನಮ್ಮವರ ಮುಖ ಅರಳಿತು. ಮೆಜೆಸ್ಟಿಕ್ ದಾಟಿದರೆ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮನುಷ್ಯ ದೇಶ ಸುತ್ತುತ್ತಾರಂತೆ!

ನೋವಿಲ್ಲ ಎಂದರಲ್ಲ, ನನಗೆ ಅದೇ ಹೆದರಿಕೆ ಹುಟ್ಟಿಸಿತು. ಚೂರು ಹೊಕ್ಕ ಕಡೆ ಬಾತುಕೊಂಡು ಕೀವಾಗುವುದನ್ನು ಅವರ ಬೆರಳುಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಇದು ಸದ್ದಿಲ್ಲದೆ ದೊಡ್ಡದಾಗುತ್ತಿತ್ತು. "ಆಸ್ಪತ್ರೆಗೆ ಬರ್ತೀನಿ ಅನ್ನೋವರ್ಗೂ ಉಪವಾಸ ಬಿಡಲ್ಲ" ಎಂದು ಕೂತುಬಿಟ್ಟೆ. ಅವರ ಆಯಸ್ಸಿಗೆಂದು ಹಿಡಿದ ಉಪವಾಸ ತಾನೇ, ಸರಿಯಾಗೇ ಮಾಡೋಣ ಎಂಬ ಹಟ. ಮಧ್ಯಾಹ್ನವೆಲ್ಲ ಬೈದಾಡಿದರು, ಓನರಮ್ಮನಿಂದ ಹೇಳಿಸಿದರು. ಸಂಜೆಗೆ ಸೋತು, "ಆಯ್ತು ಮಾರಾಯ್ತಿ, ನಾಳೆ ಹೋಗೋಣ. ಮೊದ್ಲು ಉಣ್ಣು" ಎಂದರು.

ಚರ್ಮದ ಡಾಕ್ಟರು ನೋಡಲು ಇನ್ನೂ ಕಾಲೇಜು ಹುಡುಗಿಯಂತಿದ್ದರು. ಬೆಳಕಿರುವ ಒಂದು ಪುಟ್ಟ ಮಸೂರವನ್ನು ಹಿಮ್ಮಡಿಗಿಟ್ಟು ತುಂಬ ಹೊತ್ತು ನೋಡಿದರು. ನಮ್ಮವರು ಅಯಸ್ಕಾಂತದ ಕತೆ ಹೇಳಿದರು. ಅವರು ನಗಲಿಲ್ಲ.

"ಇನ್ಮೇಲೆ ಕೆದಕ್ಬೇಡಿ ಸಾರ್. ಇದು ಕ್ಯಾನ್ಸರ್ ಇರ್ಬಹುದು. ಸ್ವಲ್ಪ ತೆಗ್ದು ಟೆಸ್ಟಿಗೆ ಕಳಿಸ್ಬೇಕು."

"ಮಚ್ಚೆಗೂ ಕ್ಯಾನ್ಸರ್ ಬರತ್ತಾ ಮೇಡಂ?" ಎಂದೆ.

"ನಮ್ಮ ಬಣ್ಣದೋರ್ಗೆ ಬರೋದು ಕಡ್ಮೆ. ಬಂದ್ರೆ ಜಾಸ್ತಿ ಇಂಥ ಕಡೇನೇ. ಅಂಗಾಲು, ಅಂಗೈ, ಉಗುರಿನ ಕೆಳ್ಗೆ. ಯಾರೂ ನೋಡೋದೇ ಇಲ್ಲ, ಅದಕ್ಕೇ ಲೇಟಾಗಿ ಬರ್ತಾರೆ. ಮಚ್ಚೆ ಬೆಳೀತಿದ್ರೆ, ಬಣ್ಣ ಬದಲಾಗ್ತಿದ್ರೆ, ಅಂಚು ಸರಿಯಿಲ್ಲ ಅನ್ಸಿದ್ರೆ ಕಾಯಬಾರ್ದು."

ರಿಪೋರ್ಟು ಬಂತು. ಕ್ಯಾನ್ಸರೇ. ಹೊರಗಿನ ಬೆಂಚಿನಲ್ಲಿ ಅವರು ಚಪ್ಪಲಿ ಬಿಚ್ಚಿ ಕಾಲನ್ನೇ ನೋಡುತ್ತಾ ಕೂತರು. "ಕಾಲು ತೆಗೀತಾರೇನೇ? ಒಂಟಿ ಕಾಲಲ್ಲಿ ಮೆಷಿನ್ ಮುಂದೆ ಹೆಂಗೆ ನಿಲ್ಲೋದು?" ನನಗೆ ಕಾಲಿನ ಚಿಂತೆಯಿರಲಿಲ್ಲ, ಮನುಷ್ಯ ಉಳಿದರೆ ಸಾಕಿತ್ತು. ಜೀವ ಬಾಯಿಗೆ ಬಂದಿತ್ತು. ಆದರೂ ಈ ಬಾಯಿ ಸುಮ್ಮನಿರಬೇಕಲ್ಲ. "ಕೂತ್ಕೊಂಡು ಮಾಡೋ ಕೆಲ್ಸ ನಾನ್ ಕಲಿಸ್ತೀನಿ, ಬನ್ನಿ ಗಾರ್ಮೆಂಟ್ಸಿಗೆ. ಗುಂಡಿ ಹಾಕೀರಂತೆ" ಎಂದೆ. ಅವರು ನಕ್ಕರು. ಆಮೇಲೆ ಇಬ್ಬರೂ ಅತ್ತೆವು.

ಕಾಲು ತೆಗೆಯಲಿಲ್ಲ. ಕಲೆಯನ್ನೂ ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದು, ತೊಡೆಯ ಚರ್ಮ ತಂದು ಮುಚ್ಚಿದರು. ರೋಗ ಮೇಲಕ್ಕೆ ಹರಡಿದೆಯೇ ಎಂದು ತೊಡೆಸಂದಿಯಿಂದಲೂ ಒಂದು ಸಣ್ಣ ಗ್ರಂಥಿ ತೆಗೆದು ಪರೀಕ್ಷಿಸಿದರು. ಹರಡಿರಲಿಲ್ಲ. "ಇನ್ನೂ ಆಳಕ್ಕೆ ಇಳಿದಿರ್ಲಿಲ್ಲ. ಒಳ್ಳೇ ಹೊತ್ತಿಗೆ ಬಂದ್ರಿ" ಎಂದು ಡಾಕ್ಟರು ಹೇಳಿದಾಗ ಹೋದ ಜೀವ ಬಂದ ಹಾಗಾಯಿತು. ಆ ಹುಡುಗಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ.

ಬಹಳ ದಿನ ಹಿಮ್ಮಡಿ ಊರದೆ ಕುಂಟಿದರು. ವರ್ಕ್‌ಶಾಪಿನ ಮಾಲೀಕರು ಮೆಷಿನ್ನಿನ ಮುಂದೆ ಒಂದು ಎತ್ತರದ ಸ್ಟೂಲು ಹಾಕಿಸಿದರು, ಕೆಲಸ ಉಳಿಯಿತು. ಹೋದ ಮೊದಲ ವಾರವೇ, "ಬೂಟು ಬಿಚ್ಚೋ ಮಗಾ, ಅಂಗಾಲು ತೋರ್ಸು" ಎಂದು ಜೊತೆಯವರನ್ನೆಲ್ಲ ಕಾಡಿದರಂತೆ. ವಾಸನೆಗೆ ಇವರೇ ಓಡಿದರಂತೆ.

ತಪಾಸಣೆಗೆ ಹೋಗುತ್ತಲೇ ಇದ್ದೆವು. ಒಮ್ಮೆ ಡಾಕ್ಟರು, ತಮ್ಮ ಬೆನ್ನು ಯಾರಿಗೂ ಕಾಣುವುದಿಲ್ಲ, ಮನೆಯವರು ಒಬ್ಬರಿಗೊಬ್ಬರು ನೋಡಿಕೊಳ್ಳಿ ಎಂದರು. ನಾನು ತಲೆಯಾಡಿಸಿ ಮರೆತೆ. ಆ ಭಾನುವಾರ ಸ್ನಾನ ಮಾಡಿ ಬಂದು ತಲೆ ಒರೆಸಿಕೊಳ್ಳುತ್ತಿದ್ದೆ. ಅವರು ಎದ್ದು ಬಾಗಿಲ ಚಿಲಕ ಹಾಕಿದರು.

"ಕಿಟಕಿ ಕಡೆ ಬಾ. ಬೆನ್ನು ತೋರ್ಸು."

"ಥೂ, ಹಗಲು ಹೊತ್ತಲ್ಲಿ! ನನಗೇನಾಗಿದೆ?"

"ನಂಗೂ ಏನೂ ಆಗಿರ್ಲಿಲ್ಲ ಕಣೇ."

ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂತೆ. ಒರಟು ಬೆರಳುಗಳು ಬೆನ್ನ ಮೇಲೆ ಮೆಲ್ಲಗೆ ಇಳಿದವು, ಒಂದು ಕಡೆ ನಿಂತವು. "ಇಲ್ಲೊಂದು ಮಚ್ಚೆ ಇದೆ" ಎಂದರು.

"ಹೆಂಗಿದೆ?"

"ದುಂಡಗಿದೆ. ಒಂದೇ ಬಣ್ಣ. ಚೆನ್ನಾಗೇ ಇದೆ. ಆದ್ರೂ ನಾಳೆ ತೋರ್ಸಿ ಬರೋಣ. ನನ್ನ ಬೈಯೋಕೆ ನೀನಿರ್ಬೇಕಲ್ಲೇ."

ಮರುದಿನ ಒಂದು ಮಾತೂ ಎದುರಾಡದೆ ಹೋದೆ.