ಅಕ್ಕನ ವಯಸ್ಸು

ಐವತ್ನಾಲ್ಕು ವರ್ಷದ ಹೆಂಗಸಿನ ಕೈಗೆ, ನಿಮಗೆ ಐವತ್ತೆಂಟು ತುಂಬಿತು, ತಿಂಗಳ ಕೊನೆಗೆ ಮನೆಗೆ ಹೊರಡಿ ಅಂತ ಕಾಗದ ಕೊಟ್ಟರೆ ಮೈ ಉರಿಯದೆ ಇನ್ನೇನಾಗುತ್ತೆ? ಹದ್ದಕ್ಕನಿಗೂ ಉರಿಯಿತು. ಇಂಜೆಕ್ಷನ್ ಮದ್ದು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಕಣ್ಣು ಅಂಥದ್ದು. ಕತ್ತಲೆ ಮಾಡಿದ ಗೂಡಿನಲ್ಲಿ ಒಂದು ದೀಪ, ಅದರ ಹಿಂದೆ ಅರ್ಧ ಕಪ್ಪು, ಅರ್ಧ ಬಿಳಿ ಹಲಗೆ. ಬೆರಳ ಸಂದಿಯಲ್ಲಿ ನಾಲ್ಕು ಪುಟ್ಟ ಗಾಜಿನ ಸೀಸೆ ಹಿಡಿದು, ಒಮ್ಮೆ ಗಿರಕಿ ಹೊಡೆಸಿ ತಲೆಕೆಳಗು ಮಾಡಿದಳೆಂದರೆ ಮುಗಿಯಿತು. ಒಳಗೆ ನೂಲಿನ ಎಳೆಯಿರಲಿ, ಗಾಜಿನ ಕಣವಿರಲಿ, ಅವಳ ಕಣ್ಣು ತಪ್ಪಿಸಿ ಹೋಗುವಂತಿಲ್ಲ. ಹೊಸ ಹುಡುಗಿಯರು ಒಂದು ತಟ್ಟೆ ನೋಡುವಷ್ಟರಲ್ಲಿ ಇವಳದು ಎರಡಾಗಿರುತ್ತೆ.

ನಾಲ್ಕು ವರ್ಷ ಹೆಚ್ಚಿಗೆ ಎಲ್ಲಿಂದ ಬಂತು ಅಂತೀರಾ? ಅವಳ ಅಕ್ಕನಿಂದ ಬಂತು.

ನಲವತ್ತು ವರ್ಷದ ಹಿಂದೆ ಅಮ್ಮ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಕಾರ್ಖಾನೆಯ ಗೇಟಿಗೆ ಬಂದಿದ್ದಳು. ಕೆಲಸ ಕೇಳಿದ್ದು ಹದಿನೆಂಟು ತುಂಬಿದ ದೊಡ್ಡವಳಿಗೆ. ಆಳು ಸೇರಿಸಿಕೊಳ್ಳುವ ಗುಮಾಸ್ತ ಅವಳ ಕೈಗೆ ಸೀಸೆ ಕೊಟ್ಟು ನೋಡಿದ. ಅವಳಿಗೆ ಹತ್ತಿರದ್ದು ಮಬ್ಬು. ಪಕ್ಕದಲ್ಲಿ ನಿಂತಿದ್ದ ಹದಿನಾಲ್ಕರ ಪೋರಿ, "ಅಯ್ಯೋ, ಅಲ್ಲೇ ತಳದಲ್ಲಿ ಚೂರು ಇದೆಯಲ್ಲ!" ಅಂತ ಬಾಯಿ ಹಾಕಿದಳು. ಗುಮಾಸ್ತ ತಿರುಗಿ ನೋಡಿದ. "ಇವಳು ಬರಲಿ. ಕಾಗದ ಮಾತ್ರ ಹದಿನೆಂಟಾದವಳದು ತನ್ನಿ. ಯಾರದಾದರೂ ಸರಿ, ನಾನು ಕೇಳಲ್ಲ," ಅಂದ. ಅಮ್ಮ ಮನೆಯ ಟ್ರಂಕಿನಿಂದ ದೊಡ್ಡವಳ ಶಾಲೆಯ ಸರ್ಟಿಫಿಕೇಟು ತಂದುಕೊಟ್ಟಳು. ಅವತ್ತಿನಿಂದ ಚಿಕ್ಕವಳು ಹಾಜರಿ ಪುಸ್ತಕದಲ್ಲಿ ಅಕ್ಕನ ಹೆಸರಾದಳು. ದೊಡ್ಡವಳೋ, ಒಂದೇ ಕಾಗದಕ್ಕೆ ಎರಡು ನೌಕರಿ ಕೊಡುವವರು ಯಾರೂ ಇಲ್ಲದೆ, ಜೀವನವಿಡೀ ಕಂಡವರ ಮನೆ ಪಾತ್ರೆ ತಿಕ್ಕಿದಳು. ಈಗ ಮೊಣಕಾಲು ಹಿಡಿದುಕೊಂಡು ತಂಗಿಯ ಎರಡು ಕೋಣೆಯ ಮನೆಯಲ್ಲೇ ಇದ್ದಾಳೆ. ತಂಗಿಯ ಮಗಳಿಗೆ ನರ್ಸಿಂಗ್ ಓದು ಮುಗಿಯಲು ಇನ್ನೂ ಮೂರು ವರ್ಷ ಬೇಕು. ಹದ್ದಕ್ಕನ ಗಂಡ ತೀರಿಹೋಗಿ ಎಷ್ಟೋ ಕಾಲವಾಯಿತು. ದುಡಿಯುವ ಕೈ ಒಂದೇ.

ಕಾಗದ ಓದಿಸಿಕೊಂಡ ಅಕ್ಕ, "ಯಾವನವನು? ನಡಿ, ನಾನೂ ಬರ್ತೀನಿ," ಅಂತ ಎದ್ದೇಬಿಟ್ಟಳು.

"ಮೊಣಕಾಲು ನೋವು ಅಂತಿದ್ದೆ?"

"ಅದು ಬಾಯಿಗೇನು ಅಡ್ಡ ಬರುತ್ತಾ?"

ಸಿಬ್ಬಂದಿ ಅಧಿಕಾರಿಗೆ ಹೆಚ್ಚೆಂದರೆ ಮೂವತ್ತು. ಅವನು ಹುಟ್ಟುವ ಮೊದಲೇ ಹದ್ದಕ್ಕ ಆ ದೀಪದ ಮುಂದೆ ಕೂತಾಗಿತ್ತು. ಅಕ್ಕ ಅವನ ಮೇಜಿಗೆ ಎರಡೂ ಕೈ ಊರಿ ನಿಂತಳು. "ನೋಡಪ್ಪ, ಆ ಕಾಗದದ ಹೆಂಗಸು ನಾನು. ಐವತ್ತೆಂಟು ನನಗೆ. ವಯಸ್ಸಾಯ್ತು ಅಂತ ಯಾರನ್ನಾದರೂ ಕಳಿಸಬೇಕಿದ್ದರೆ ನನ್ನನ್ನ ಕಳಿಸು. ಇವಳಿಗಿನ್ನೂ ನಾಲ್ಕು ವರ್ಷ ಇದೆ."

ಅಧಿಕಾರಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಮ್ಮ, ಈ ಮಾತು ಇಲ್ಲೇ ಬಿಟ್ಟುಬಿಡಿ. ಸುಳ್ಳು ದಾಖಲೆ ಕೊಟ್ಟು ಸೇರಿದ್ದು ಅಂತಾದರೆ ನಿವೃತ್ತಿ ಅಲ್ಲ, ವಜಾ. ಪಿಂಚಣಿಯೂ ಹೋಗುತ್ತೆ."

"ಸುಳ್ಳು ತಾ ಅಂದವರು ನೀವು!" ಹದ್ದಕ್ಕನ ಸಿಟ್ಟು ನೆತ್ತಿಗೇರಿತು. "ನಿಮ್ಮ ಗುಮಾಸ್ತನೇ ಕೇಳಿ ಇಸ್ಕೊಂಡಿದ್ದು. ಆಗ ಹದಿನಾಲ್ಕರ ಮಗು ಅಂತ ನಿಮಗೆ ಕಾಣಲಿಲ್ವಾ?"

"ಅವರು ಈಗಿಲ್ಲ. ದಾಖಲೆ ಇದೆ."

ಆಹಾ, ಎಂಥಾ ನ್ಯಾಯ! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಪಿಂಚಣಿಯ ಮಾತು ಬಂದ ಮೇಲೆ ಬಡವರ ಬಾಯಿ ಎಷ್ಟು ಹೊತ್ತು ನಡೆಯುತ್ತೆ? ಹದ್ದಕ್ಕ ಹಲ್ಲು ಕಚ್ಚಿ ನಿವೃತ್ತಿಯ ಪತ್ರಕ್ಕೆ ಅಕ್ಕನ ಹೆಸರು ಗೀಚಿ, ಅವನು ಕೊಟ್ಟ ಸೇವಾ ಪತ್ರವನ್ನು ಕೈಚೀಲಕ್ಕೆ ತುರುಕಿದಳು.

ಅಧಿಕಾರಿಗೆ ಜೀವ ಬಂದಂತಾಯಿತು. ಇನ್ನೊಂದು ಹಾಳೆ ಮುಂದೆ ತಳ್ಳಿದ. "ಬರುವ ತಿಂಗಳಿಂದ ಕಾಂಟ್ರಾಕ್ಟಿನ ಮೇಲೆ ಬನ್ನಿ. ಅದೇ ದೀಪ, ಅದೇ ಸ್ಟೂಲು. ನೀವಿಲ್ಲದೆ ಆ ವಿಭಾಗ ನಡೆಯಲ್ಲ, ನನಗೂ ಗೊತ್ತು. ಈಗ ನಿಮ್ಮ ಸ್ವಂತ ಹೆಸರೇ ಬರೀರಿ."

ಸ್ವಂತ ಹೆಸರು! ಹದ್ದಕ್ಕ ಒಂದೊಂದೇ ಅಕ್ಷರ ನಿಧಾನವಾಗಿ ಬರೆದಳು. ವಯಸ್ಸಿನ ಜಾಗಕ್ಕೆ ಬಂದು ಐವತ್ನಾಲ್ಕು ಅಂತ ದಪ್ಪಗೆ ಬರೆದಳು.

"ಅಯ್ಯೋ, ಅದಲ್ಲ," ಅಂದ ಅವನು. "ಕಾಂಟ್ರಾಕ್ಟಿಗೆ ನಲವತ್ತೈದು ದಾಟಿರಬಾರದು. ನಲವತ್ತೈದು ಅಂತ ಹಾಕಿ. ಯಾರೂ ಕೇಳಲ್ಲ."

ಕೇಳಿದಿರಾ? ಮಗುವಾಗಿದ್ದಾಗ ದೊಡ್ಡವಳಾಗು ಅಂದರು, ಆದಳು. ಗಟ್ಟಿಮುಟ್ಟಾಗಿದ್ದಾಗ ಮುದುಕಿಯಾಗು ಅಂದರು, ಅದಕ್ಕೂ ಸಹಿ ಹಾಕಿದಳು. ಈಗ ಚಿಕ್ಕವಳಾಗಬೇಕಂತೆ! ಅವಳ ವಯಸ್ಸೇನು ಇವರ ಅಪ್ಪನ ಮನೆ ಆಸ್ತಿಯಾ, ಬೇಕಾದಾಗ ಹಿಗ್ಗಿಸಿ ಬೇಡವಾದಾಗ ಕುಗ್ಗಿಸೋಕೆ? ಹದ್ದಕ್ಕ ಹಾಳೆಯನ್ನು ಎರಡಾಗಿ ಹರಿದಳು, ಎರಡನ್ನು ನಾಲ್ಕು ಮಾಡಿದಳು, ಅವನ ಮೇಜಿನ ಮೇಲೇ ಇಟ್ಟಳು.

"ನಿಮ್ಮ ಸೀಸೇಲಿ ಗಾಜಿನ ಚೂರು ಉಳಿದರೆ ಅದನ್ನೂ ಯಾರೂ ಕೇಳಲ್ಲ ಅಂತ ಸುಮ್ಮನಿರ್ತೀರೇನೋ. ನನ್ನ ಕೈಲಾಗಲ್ಲ," ಅಂದವಳೇ ಅಕ್ಕನ ತೋಳು ಹಿಡಿದು ಹೊರಗೆ ಬಂದಳು.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಬೆಂಚಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಾ ಅಕ್ಕ ಕೇಳಿದಳು, "ಮುಂದೆ?"

"ರೈಲ್ವೆ ಗೇಟಿನ ಆಚೆ ಹೊಸ ಮದ್ದಿನ ಕಾರ್ಖಾನೆ ಆಗಿದೆಯಲ್ಲ, ಅಲ್ಲಿ ಹೋಗಿ ಕೇಳ್ತೀನಿ. ನನ್ನ ಹೆಸರಲ್ಲಿ, ನನ್ನ ವಯಸ್ಸಲ್ಲಿ."

"ಮೊದಲು ಎಲ್ಲಿ ಕೆಲಸ ಮಾಡಿದ್ದೆ ಅಂತ ಕೇಳ್ತಾರೆ."

ಹದ್ದಕ್ಕ ಕೈಚೀಲ ತೆರೆದು ನೋಡಿದಳು. ನಲವತ್ತು ವರ್ಷದ ಸೇವಾ ಪತ್ರ ಅದರಲ್ಲೇ ಇತ್ತು. ಮೇಲೆ ಅಕ್ಕನ ಹೆಸರಿತ್ತು.

"ಎಲ್ಲೂ ಮಾಡಿಲ್ಲ ಅನ್ನಬೇಕು ಕಣೆ," ಅಂದಳು ಅಕ್ಕ. "ದುಡಿದದ್ದೆಲ್ಲ ನಾನಂತೆ. ನೀನು ಆ ಕಾರ್ಖಾನೆಯ ಒಳಗೆ ಕಾಲೇ ಇಟ್ಟಿಲ್ಲ."