ಬಿಡದ ದಮ್ಮು

ಚನ್ನಕ್ಕ ಕೊಪ್ಪಳದ ಕಡೆಯಿಂದ ನಮ್ಮ ಪೀಣ್ಯದ ವಠಾರಕ್ಕೆ ಬಾಡಿಗೆಗೆ ಬಂದಾಗ ಗಂಡ ಸೋಮಪ್ಪನನ್ನು ಮನಸ್ಸಿನಲ್ಲಿ ದೇವರ ಪಕ್ಕದಲ್ಲೇ ಕೂರಿಸಿದ್ದಳು. ಅವನು ಸ್ಟೀಲ್ ಪಾತ್ರೆಗಳಿಗೆ ಪಾಲಿಶ್ ಹಾಕುವ ಶೆಡ್ಡಿಗೆ ಹೋಗುತ್ತಿದ್ದ; ಸಂಜೆ ಬರುವಾಗ ಹುಬ್ಬು, ಮೀಸೆಯೆಲ್ಲ ಕಪ್ಪು ಧೂಳು. ಅಂಥ ಗಂಡನ ಜೇಬನ್ನು ಅವಳು ದಿನಾ ತಡಕುವುದನ್ನು, ಮನೆಯೊಡತಿಯಾದ ನಾನು ಈ ಕಣ್ಣಿಂದ ನೋಡಬೇಕಾಯಿತು.

ಮಳೆಗಾಲ ಶುರುವಾದಾಗಿನಿಂದ ಸೋಮಪ್ಪನಿಗೆ ಉಸಿರೇ ಆಡುತ್ತಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಎದೆಯೊಳಗೆ ಬೆಕ್ಕಿನ ಮರಿ ಕೂಗಿದ ಹಾಗೆ ಸದ್ದು. ಟಿಬಿ ಅಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಮತ್ತೇನು? ಕೇಳಲು ರಸ್ತೆಯಾಚೆಯ ಕ್ಲಿನಿಕ್ಕಿಗೆ ಹೋದರು. ಅವನಿಗೆ ಮಾತಾಡಲಾಗದೆ ಚನ್ನಕ್ಕನೇ ಹೇಳಿದಳಂತೆ: "ಇವ್ರಿಗೆ ದಮ್ಮು ಹತ್ತೈತ್ರಿ."

ಡಾಕ್ಟರು ಸಿಡುಕಿದರಂತೆ. ಸಿಗರೇಟು ಬಿಡದೆ ಯಾವ ಔಷಧಿಯೂ ನಾಟುವುದಿಲ್ಲ, ಮೊದಲು ಬಿಟ್ಟು ಬಾ ಎಂದು ಕೆಮ್ಮಿನ ಸಿರಪ್ ಬರೆದು ಕಳಿಸಿದರು. ಸೋಮಪ್ಪ ಇಲ್ಲವೆಂದು ತಲೆಯಾಡಿಸಿದರೆ, ಎಲ್ಲರೂ ಹೀಗೇ ಹೇಳುತ್ತಾರೆ ಅಂದರಂತೆ.

ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಎದೆಗೆ ಕೊಳವೆ ಇಟ್ಟು ಕೇಳಿದ ಡಾಕ್ಟರು ಸುಳ್ಳು ಹೇಳುತ್ತಾರಾ ಎಂಬುದು ಚನ್ನಕ್ಕನ ವಾದ. ಅಂಗಿ ಮೂಸಿದಳು, ಊಟದ ಚೀಲ ಕೊಡವಿದಳು, ಶೆಡ್ಡಿನ ಮುಂದೆ ಹೋಗಿ ಕಾದಳು. ಏನೂ ಸಿಗದಿದ್ದಕ್ಕೆ ಅನುಮಾನ ಇನ್ನೂ ಹೆಚ್ಚಿತು. ಅವನೋ, ಇಲ್ಲ ಎನ್ನಲು ಬಾಯಿ ತೆರೆದರೆ ಕೆಮ್ಮು. ಜಗಳವಾಡಲೂ ಉಸಿರು ಬೇಕಲ್ಲ! ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದ. ನನಗೆ ರೇಗಿ, ತಲೆ ನೆಟ್ಟಗಿದೆಯಾ ನಿನಗೆ ಎಂದು ಬೈದೆ. ಅವಳು ನೆಲದ ಮೇಲೆ ಕುಸಿದು ಅತ್ತಳು.

"ಹೊಂಟ ಹೋಗ್ತಾರ್ರೀ ಅಕ್ಕಾರ. ಬೀಡಿಗಿಂತ ನಾ ಕಡಿಮಿ ಆದ್ನೇನ್ರಿ?"

ನಾನೂ ಅವಳ ಪಕ್ಕ ನೆಲಕ್ಕೇ ಕೂತೆ.

ಒಂದು ಬೆಳಿಗ್ಗೆ ಸೋಮಪ್ಪ ನಲ್ಲಿಯ ಹತ್ತಿರವೇ ಕುಸಿದು ಕೂತ. ನಾನೇ ಆಟೋ ನಿಲ್ಲಿಸಿ ಇಬ್ಬರನ್ನೂ ಹತ್ತಿಸಿಕೊಂಡು ಅದೇ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಗುರುತು ಹಿಡಿದರು. "ದಮ್ಮು ಬಿಡಿಸಿ ಅಂದಿದ್ನಲ್ಲಮ್ಮ, ಬಿಟ್ರಾ?"

"ದಮ್ಮು ಬಿಡವಲ್ದ್ರೀ ಸಾಹೇಬ್ರ," ಎಂದಳು ಚನ್ನಕ್ಕ. "ಅದಕ್ಕ ಬಂದೀವಿ."

ಡಾಕ್ಟರು ಹುಬ್ಬು ಗಂಟಿಕ್ಕಿದರು. ನನಗೆ ಆಗ ಹೊಳೆಯಿತು. ಅಯ್ಯೋ ಹಾಳಾದ್ದೇ, ಇಷ್ಟು ದಿನ ಮನೆ ಮುರಿದದ್ದು ಒಂದು ಮಾತು!

"ಸಾರ್, ಇವ್ರ ಕಡೆ ದಮ್ಮು ಅಂದ್ರೆ ಉಬ್ಬಸ ಕಣ್ರೀ. ನಮ್ಮೋರು ಹೊಡಿಯೋ ದಮ್ಮಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ರಜೆಯ ದಿನ ಹೇಗಿರುತ್ತಾನೆ ಎಂದು ಮೊದಲ ಸಲ ಕೇಳಿದರು. ಭಾನುವಾರ ಹಗುರ, ಸೋಮವಾರ ಸಂಜೆಗೆ ಮತ್ತೆ ಅದೇ ಎಂದಳು ಚನ್ನಕ್ಕ. ಮೆಷಿನ್ನಿನ ಕೊಳವೆಗೆ ಊದಿಸಿದರು; ಸೋಮಪ್ಪ ಅರ್ಧಕ್ಕೇ ಸೋತ. ಇನ್ಹೇಲರಿನ ಔಷಧಿಯನ್ನು ಬಾಯಿಂದ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಈ ಸಲ ಪರದೆಯ ಗೆರೆ ಮೇಲಕ್ಕೆ ಹೋಯಿತು. ಉಬ್ಬಸವೇ ಎಂದರು. ಪಾಲಿಶ್ ಧೂಳು ಅದನ್ನು ಕೆರಳಿಸುತ್ತಿದೆ, ಆ ಕೆಲಸ ಬಿಡಬೇಕು ಎಂದೂ ಹೇಳಿದರು. ಅವನಿಗೆ ಬರುವ ಕೆಲಸ ಅದೊಂದೇ.

ಸೋಮಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನಿಗೆ ಎದೆ ತುಂಬ ಉಸಿರು ಸಿಕ್ಕಿತ್ತು. ಹೆಂಡತಿಯ ಕಡೆ ತಿರುಗಿ, ಕೆಮ್ಮದೆ, ಎಲ್ಲೂ ನಿಲ್ಲಿಸದೆ ಹೇಳಿದ:

"ನಾ ಒಂದ್ ಬೀಡಿನೂ ಸೇದಿಲ್ಲ ಚನ್ನಿ."